ಅಮ್ಮ ಕರೆದರೆ ಕೇಳುವ ಹೆಡ್‌ಫೋನು

ನನ್ನ ಸಹೋದ್ಯೋಗಿ ಸುಧೀರ ಒಂದು ಹೆಡ್‌ಫೋನು ಕೊಂಡಿದ್ದಾನೆ. ಕೊಂಡಿದ್ದಾನೆ ಎಂದರೆ ಅವನಿಗೆ ಸಿಟ್ಟು ಬರುತ್ತದೆ, ಆರಿಸಿದ್ದಾನೆ. ಅವನ ಮದುವೆಗೆ ಹುಡುಗಿ ಆರಿಸುವ ಕೆಲಸ ಒಂದು ದಸರಾ ರಜೆಯಲ್ಲಿ ಮುಗಿದಿತ್ತು. ಹೆಡ್‌ಫೋನಿಗೆ ಇಡೀ ಮಳೆಗಾಲ ಬೇಕಾಯಿತು. ಬಂಟ್ವಾಳದ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ, ಕರೆಂಟು ಇದ್ದಷ್ಟು ಹೊತ್ತು, ಎಲ್ಲೋ ದೂರದೇಶದಲ್ಲಿ ಕೂತ ಅಪರಿಚಿತರು ತಮ್ಮ ಕಿವಿಗಳ ಬಗ್ಗೆ ಬರೆದುಕೊಂಡದ್ದನ್ನು ಅವನು ಓದುತ್ತಿದ್ದ. ಭೌತಶಾಸ್ತ್ರ ಕಲಿಸುವವನು. ಶಬ್ದ ಎಂದರೇನು ಎಂದು ಪ್ರತಿವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಅಲೆ ಬರೆದು ತೋರಿಸುವವನು. ಅವನೇ ಒಂದು ಬೆಳಿಗ್ಗೆ ಸ್ಟಾಫ್‌ರೂಮಿಗೆ ಬಂದು, ಹೊಸ ಹೆಡ್‌ಫೋನನ್ನು ಕೆಲವು ದಿನ ಕಪಾಟಿನಲ್ಲಿ ಹಾಡಿಸುತ್ತಾ ಬಿಟ್ಟರೆ ಅದರ ಸ್ವರ ಹದಕ್ಕೆ ಬರುತ್ತದೆ ಎಂದ. ಹಲಸಿನಕಾಯಿಯನ್ನು ಬೈಹುಲ್ಲಿನಲ್ಲಿಟ್ಟರೆ ಹಣ್ಣಾಗುವುದು ನನಗೆ ಗೊತ್ತು. ತಗಡು, ತಂತಿ ಹಣ್ಣಾಗುತ್ತವೆ ಎಂದು ಕೇಳಿದ್ದು ಅದೇ ಮೊದಲು.

ಹಣ್ಣಾದ ಮೇಲೆ ಅದನ್ನು ನನ್ನ ಮೇಜಿನ ಮೇಲೆ ತಂದಿಟ್ಟ. ಎರಡು ಕಡೆ ಎರಡು ಕಪ್ಪು ಬಟ್ಟಲು, ಬಟ್ಟಲಿನ ಬೆನ್ನಿಗೆ ಚಹಾ ಸೋಸುವ ಜಾಲರಿ.

"ಓಪನ್ ಬ್ಯಾಕ್, ಮೇಡಂ. ಎಂಟ್ರಿ ಲೆವೆಲ್."

ಎಲ್ಲಿಗೆ ಎಂಟ್ರಿ ಎಂದು ಕೇಳಿದೆ. ಇಲ್ಲಿಂದ ಶುರು ಮಾಡಿ ಮೇಲಕ್ಕೆ ಹೋಗುವುದಂತೆ. ಮೇಲೆ ಏನುಂಟು ಎಂದರೆ ಇನ್ನೂ ದೊಡ್ಡ ಜಾಲರಿ. ಹಾಗಾದರೆ ಇದು ಸಾಮಾನಲ್ಲ, ಮೆಟ್ಟಿಲು ಎಂದಾಯಿತು. ಮೆಟ್ಟಿಲು ಕೊಂಡವನಿಗೆ ಮನೆ ಎಲ್ಲಿ ಎಂದು ಕೇಳಬಾರದು. ಅವನು ಹಾಡು ಹಾಕಿ, ಕಿವಿಗಿಟ್ಟು ನೋಡಿ ಎಂದು ಕೈಯಲ್ಲಿ ಹಿಡಿದ. ಬೇಡ, ಇಲ್ಲಿಂದಲೇ ಕೇಳ್ತಾ ಉಂಟು ಎಂದೆ. ಸುಳ್ಳಲ್ಲ. ಆಚೆ ಮೂಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಸಂಸ್ಕೃತದ ಮೇಡಂ ಕೂಡ ತಲೆಯೆತ್ತಿ ತಾಳ ಹಾಕತೊಡಗಿದ್ದರು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಸಾಮಾನ್ಯ ಹೆಡ್‌ಫೋನಿನ ಬೆನ್ನು ಮುಚ್ಚಿರುತ್ತದೆ. ಹಾಡು ಕಿವಿಯೊಳಗೆ ಮಾತ್ರ ಹೋಗುತ್ತದೆ. ಓಪನ್ ಬ್ಯಾಕ್‌ನಲ್ಲಿ ಬೆನ್ನು ತೆರೆದಿರುತ್ತದೆ. ಹಾಡು ಎಷ್ಟು ಒಳಗೋ ಅಷ್ಟೇ ಹೊರಗೆ. ಈಗ ನೀವೇ ಹೇಳಿ. ಹೆಡ್‌ಫೋನು ಇರುವುದು ಯಾಕೆ? ನನ್ನ ಗದ್ದಲ ನಿಮಗೆ ಬೇಡ, ನಿಮ್ಮ ಗದ್ದಲ ನನಗೆ ಬೇಡ ಎಂದು. ಈ ಎರಡರಲ್ಲೂ ಸೋತ ವಸ್ತುವಿಗೇ ಹೆಚ್ಚಿನ ಗೌರವ. ನನಗೆ ಆಶ್ಚರ್ಯವೇನೂ ಆಗಲಿಲ್ಲ. ಮೂಡುಬಿದಿರೆಯ ಕಾಲೇಜಿನಲ್ಲಿ ಐದು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದವಳು ನಾನು. ಕೇಳಿದ ಪ್ರಶ್ನೆಗೆ ಉತ್ತರ ಕೊಡದವರಿಗೆ ಶೀಲ್ಡ್ ಕೊಡುವ ತೀರ್ಪುಗಾರರನ್ನು ಸಾಕಷ್ಟು ಕಂಡಿದ್ದೇನೆ. ಕೆಲವು ಶೀಲ್ಡುಗಳು ನಮ್ಮ ಮನೆಯಲ್ಲೂ ಇವೆ.

ಸುಧೀರ ಸೋಲಲಿಲ್ಲ. ಧಾರ್ಮಿಕರು ವಾದದಲ್ಲಿ ಸೋಲುವುದಿಲ್ಲ. "ನಿಮಗೆ ಅರ್ಥ ಆಗ್ಲಿಕ್ಕಿಲ್ಲ ಮೇಡಂ. ಬೆನ್ನು ಮುಚ್ಚಿದರೆ ಸ್ವರ ತಲೆಯೊಳಗೆ ಕೂತ ಹಾಗೆ. ತೆರೆದರೆ ಒಂದು ಕೋಣೆ ಸಿಕ್ತದೆ. ಹಾಡುವವ ಇರುವ ಕೋಣೆಯಲ್ಲೇ ನಾವೂ ಇದ್ದ ಹಾಗೆ."

ಇದಕ್ಕೆ ನನ್ನ ಹತ್ತಿರ ತಯಾರಾಗಿಯೇ ಒಂದು ಖಂಡನೆ ಇತ್ತು, ಬಾಯಿಯ ತುದಿಗೂ ಬಂದಿತ್ತು. ಆದರೆ ಅತ್ತಿಗೆಯ ನೆನಪಾಗಿ ನಾನು ಬಾಯಿ ಮುಚ್ಚಿದೆ. ಸುಧೀರ ಅದನ್ನು ಗೆಲುವು ಎಂದು ತಿಳಿದು ಚಹಾ ತರಿಸಿದ.

ಅತ್ತಿಗೆ ನಮ್ಮ ಮನೆಗೆ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ, ವಾಮದಪದವಿನಿಂದ. ಹೆಸರು ಸುಜಾತ. ಡಿಗ್ರಿ ಮುಗಿಸಿದ್ದಳು, ಮಾತು ಕಡಿಮೆ, ಆಡಿದ ಮಾತಿಗೆ ಅಂಚು ಇರುತ್ತಿತ್ತು. ನಮ್ಮ ಮನೆ ವೇಣೂರಿನಲ್ಲಿ, ಪೇಟೆಯಿಂದ ನಡೆದು ಹೋಗುವಷ್ಟು ದೂರ. ಅಣ್ಣ ಶಾರ್ಜಾದಲ್ಲಿ ಒಂದು ಗೋದಾಮಿನ ಲೆಕ್ಕ ನೋಡುತ್ತಿದ್ದ. ಮದುವೆಯಾಗಿ, ರಜೆ ಮುಗಿಸಿ, ವಾಪಸು ಹೋದ. ಅತ್ತಿಗೆಗೆ ನನ್ನ ಕೋಣೆಯಲ್ಲಿ ಅರ್ಧ ಕೊಟ್ಟರು. ನನ್ನನ್ನು ಯಾರೂ ಕೇಳಲಿಲ್ಲ, ಅವಳನ್ನೂ ಕೇಳಲಿಲ್ಲ.

ಆ ಕಾಲದಲ್ಲಿ ಗಲ್ಫಿನಿಂದ ಮಾತು ಬರುತ್ತಿದ್ದದ್ದು ಕ್ಯಾಸೆಟಿನಲ್ಲಿ. ಫೋನು ಇರಲಿಲ್ಲವೆಂದಲ್ಲ, ಪೇಟೆಯ ಬೂತಿನಲ್ಲಿ ಇತ್ತು. ಅಲ್ಲಿ ನಿಮಿಷ ಓಡುವ ಕೆಂಪು ಅಂಕೆಗಳನ್ನು ನೋಡಿಯೇ ನಮ್ಮವರಿಗೆ ಮಾತು ಮರೆತುಹೋಗುತ್ತಿತ್ತು. ಕ್ಯಾಸೆಟಿನಲ್ಲಾದರೆ ಆರಾಮ. ರಜೆಯಲ್ಲಿ ಬರುವವರ ಕೈಯಲ್ಲಿ ಕಳಿಸುವುದು, ಅವರು ಹಿಂದೆ ಹೋಗುವಾಗ ನಾವು ಅದರ ಮೇಲೆಯೇ ನಮ್ಮ ಮಾತು ತುಂಬಿಸಿ ಕಳಿಸುವುದು. ಅದಕ್ಕೊಂದು ಕ್ರಮವಿತ್ತು. ಎ ಸೈಡ್ ಮನೆಗೆ, ಬಿ ಸೈಡ್ ಹೆಂಡತಿಗೆ. ಈ ಕಾನೂನನ್ನು ಯಾರು ಮಾಡಿದರೋ ಗೊತ್ತಿಲ್ಲ. ವೇಣೂರಿನ ಸುತ್ತ ಎಲ್ಲ ಮನೆಗಳಲ್ಲೂ, ಹಿಂದೂಗಳಲ್ಲೂ ಬ್ಯಾರಿ ಮುಸ್ಲಿಮರಲ್ಲೂ, ಹೀಗೆಯೇ ಇತ್ತು.

ಎ ಸೈಡಿನ ದಿನ ಚಾವಡಿಯಲ್ಲಿ ಸಭೆ. ಅಪ್ಪ ಕುರ್ಚಿಯಲ್ಲಿ. ಅಮ್ಮ ಮತ್ತು ಪಕ್ಕದ ಮನೆಯ ಗಿರಿಜಕ್ಕ ತಡ್ಪೆಯನ್ನು, ಬೀಡಿಯೆಲೆಯ ಮೊರವನ್ನು, ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿ. ನಮ್ಮಲ್ಲಿ ಬೀಡಿ ಕಟ್ಟುವ ಹೆಂಗಸರಿಗೆ ಕೈಗೆ ಕೆಲಸ, ಕಿವಿಗೆ ಬಿಡುವು. ಅವರಷ್ಟು ಚೆನ್ನಾಗಿ ಕೇಳಿಸಿಕೊಳ್ಳುವ ಪ್ರೇಕ್ಷಕರು ನನಗೆ ಯಾವ ವೇದಿಕೆಯಲ್ಲೂ ಸಿಕ್ಕಿಲ್ಲ. ಅಣ್ಣ ಮನೆಯಲ್ಲಿ ತುಳು ಬಿಟ್ಟು ಬೇರೆ ಮಾತಾಡಿದವನಲ್ಲ. ಮೈಕು ಕಂಡ ಕೂಡಲೇ ಅವನಿಗೆ ಶಾಲೆಯ ಕನ್ನಡ ಬಂದುಬಿಡುತ್ತಿತ್ತು. "ಪ್ರೀತಿಯ ತಂದೆತಾಯಿಯವರಿಗೆ ನಿಮ್ಮ ಮಗನು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ." ಮಧ್ಯೆ ನನಗೂ ಒಂದು ಪಾಲು: ತಂಗಿಯು ವಾದ ಮಾಡುವುದನ್ನು ಕಡಿಮೆ ಮಾಡಿ ಓದಿನ ಕಡೆ ಗಮನ ಕೊಡತಕ್ಕದ್ದು. ಟೇಪಿಗೆ ತಿರುಗಿ ಉತ್ತರ ಕೊಡಲು ಆಗುವುದಿಲ್ಲ ಎಂಬ ಧೈರ್ಯ ಅದು. ಕೊನೆಗೆ ಟಕ್ ಎಂದು ನಿಂತಾಗ ಅಮ್ಮ ಕ್ಯಾಸೆಟನ್ನು ತೆಗೆದು, ಸೆರಗಿನಲ್ಲಿ ಒರೆಸಿ, ಅತ್ತಿಗೆಯ ಕೈಗೆ ಕೊಡುತ್ತಿದ್ದಳು. ಅದರಲ್ಲಿ ಬಿ ಸೈಡು ಇದೆ ಎಂಬುದು ಯಾರಿಗೂ ಗೊತ್ತಿಲ್ಲದ ಹಾಗೆ ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು.

ಅತ್ತಿಗೆ ಅದನ್ನು ಕೇಳುವುದೆಲ್ಲಿ? ಮನೆಯಲ್ಲಿದ್ದದ್ದು ಒಂದೇ ಟೇಪ್‌ರೆಕಾರ್ಡರು. ಕೋಣೆಗೆ ಒಯ್ದರೂ ಉಪಯೋಗವಿಲ್ಲ, ಯಾಕೆಂದರೆ ನಮ್ಮದು ಹೆಂಚಿನ ಮನೆ. ಒಳಗಿನ ಗೋಡೆಗಳು ಮಾಡಿನವರೆಗೆ ಹೋಗುವುದೇ ಇಲ್ಲ. ಒಂದು ಕೋಣೆಯಲ್ಲಿ ಸೀನಿದರೆ ಮೂರು ಕೋಣೆಯಿಂದ ಆಯುಷ್ಯ ಹಾರೈಸುತ್ತಾರೆ. ಸುಧೀರನ ಭಾಷೆಯಲ್ಲಿ ನಮ್ಮ ಮನೆಯೇ ಓಪನ್ ಬ್ಯಾಕ್, ಅದೂ ಎಂಟ್ರಿ ಲೆವೆಲ್ಲಿನದ್ದು. ಮೊದಲನೆಯ ಬಿ ಸೈಡು "ಸುಜಾ" ಎಂಬಲ್ಲಿಗೆ ಬರುವಷ್ಟರಲ್ಲಿ ಅಪ್ಪ ಕೆಮ್ಮಿ, ಎಂದೂ ಇಲ್ಲದ ಕಾಳಜಿಯಿಂದ ಬಾವಿಯ ನೀರು ಎಷ್ಟಿದೆ ಎಂದು ನೋಡಲು ಹೊರಟರು. ಅತ್ತಿಗೆ ಟೇಪು ನಿಲ್ಲಿಸಿದಳು. ಆ ಕ್ಯಾಸೆಟನ್ನು ಪೂರ್ತಿ ಕೇಳದೆಯೇ ಅದರ ಮೇಲೆ ಉತ್ತರ ತುಂಬಿಸಿ ಕಳಿಸಿದಳು. ಅವಳಿಗೆ ಬೇಕಾಗಿದ್ದದ್ದು ಒಂದೇ: ಗಂಡನ ಸ್ವರವನ್ನು ತಾನೊಬ್ಬಳೇ ಕೇಳಬೇಕು. ಹೆಚ್ಚಿನ ಆಸೆಯೇನಲ್ಲ. ಹೊಸ ಮದುಮಗಳಿಗೆ ಒಡವೆ, ಸೀರೆ, ಅರ್ಧ ಕೋಣೆ ಎಲ್ಲ ಕೊಟ್ಟಿದ್ದರು. ಇದನ್ನು ಮಾತ್ರ ಎಲ್ಲಿಂದ ಕೊಡುವುದು ಎಂದು ಯಾರಿಗೂ ಹೊಳೆದಿರಲಿಲ್ಲ.

ಅಣ್ಣನಿಗೆ ಹೊಳೆಯಿತು. ಮುಂದಿನ ಸಲ ಕ್ಯಾಸೆಟಿನ ಜೊತೆ ಒಂದು ವಾಕ್‌ಮನ್ನೂ ಒಂದು ಹೆಡ್‌ಫೋನೂ ಬಂದವು. ಎ ಸೈಡಿನಲ್ಲಿ ಅದರ ಬಗ್ಗೆ ಉಪನ್ಯಾಸ. ಅಂಗಡಿಯವನು ಎರಡು ನಮೂನೆ ತೋರಿಸಿದನಂತೆ. ಒಂದು ಮುಚ್ಚಿದ್ದು, ಕಿವಿಯ ಮೇಲೆ ಪಾತ್ರೆ ಕವುಚಿದ ಹಾಗೆ. ನಮ್ಮ ಊರಿನ ಸೆಕೆಗೆ ಅದು ಆಗದು, ಕಿವಿ ಬೆವರುತ್ತದೆ. ಇನ್ನೊಂದು ತೆರೆದದ್ದು, ಸ್ಪಂಜಿನದ್ದು, ಗಾಳಿಯಾಡುತ್ತದೆ. ಇಷ್ಟು ಸಾಲದು ಎಂಬಂತೆ ಅವನು ಗಂಟಲು ಸರಿಮಾಡಿಕೊಂಡು ಮುಂದುವರಿಸಿದ: "ಅಲ್ಲದೆ, ಮುಚ್ಚಿದ್ದನ್ನು ಹಾಕಿಕೊಂಡರೆ ಹೊರಗಿನದ್ದು ಕೇಳಿಸುವುದಿಲ್ಲ. ಅಮ್ಮ ಕರೆದರೆ ಸುಜಾತಳಿಗೆ ಕೇಳಬೇಕಲ್ಲ. ಆದುದರಿಂದ ತೆರೆದದ್ದನ್ನೇ ಆರಿಸಿರುತ್ತೇನೆ."

ಇದನ್ನು ನಾನು ಇನ್ನೊಮ್ಮೆ ಹೇಳುತ್ತೇನೆ, ಯಾಕೆಂದರೆ ಸುಧೀರನ ದೂರದೇಶದ ಪಂಡಿತರು ಬರೆದ ಯಾವ ವಿಮರ್ಶೆಯಲ್ಲೂ ಈ ಕಾರಣ ಸಿಗಲಾರದು. ಹೆಂಡತಿ ಗುಟ್ಟಾಗಿ ಕೇಳಲಿ ಎಂದು ಹೆಡ್‌ಫೋನು. ಕೇಳುವಾಗ ಅಮ್ಮನ ಕರೆ ತಪ್ಪದಿರಲಿ ಎಂದು ಅದರ ಬೆನ್ನಿಗೆ ತೂತು. ಬಾಗಿಲೂ ಬೇಕು, ಬಾಗಿಲಲ್ಲಿ ಅಮ್ಮನಿಗೊಂದು ಕಿಟಕಿಯೂ ಬೇಕು. ಜಗತ್ತಿನಲ್ಲಿ ಸಂಗೀತಕ್ಕಾಗಿ, ಗಾಳಿಗಾಗಿ, ಒಣಜಂಭಕ್ಕಾಗಿ ಓಪನ್ ಬ್ಯಾಕ್ ಆರಿಸಿದವರು ಇರಬಹುದು. ಹೆಂಡತಿ ಅತ್ತೆಗೆ ಓಗೊಡಲಿ ಎಂದು ಆರಿಸಿದವನು ನನ್ನ ಅಣ್ಣನೊಬ್ಬನೇ. ಚಾವಡಿಯಲ್ಲಿ ಅಮ್ಮನ ಮುಖ ಬೆಳಗಿತು. ಅತ್ತಿಗೆ ಹೆಡ್‌ಫೋನನ್ನು ತಿರುಗಿಸಿ ಅದರ ಬೆನ್ನು ನೋಡಿದಳು.

ಅವತ್ತು ಸಂಜೆ ಅವಳು ಕೋಣೆಯಲ್ಲಿ ಕೂತು ಬಿ ಸೈಡು ಹಾಕಿದಳು. ನಾನು ಮಂಚದ ಇನ್ನೊಂದು ತುದಿಯಲ್ಲಿ "ಮಹಿಳೆ ಮತ್ತು ಸ್ವಾತಂತ್ರ್ಯ" ಎಂಬ ವಿಷಯಕ್ಕೆ ಪರವಾಗಿ ಪಾಯಿಂಟು ಬರೆಯುತ್ತಿದ್ದೆ. ಅಣ್ಣನ ಸ್ವರ ಸ್ಪಂಜಿನಿಂದ ಸೊಳ್ಳೆಯಷ್ಟು ಸಣ್ಣಗೆ ಹೊರಗೆ ಬಂತು. ಸೊಳ್ಳೆಯಷ್ಟೇ ಸ್ಪಷ್ಟವಾಗಿಯೂ. ಗೋಡೆಯ ಮೇಲಿಂದ ದಾಟಿ ಹೋಯಿತು. ಆಚೆ ಚಾವಡಿಯಲ್ಲಿ ಬೀಡಿಯೆಲೆ ಕತ್ತರಿಸುತ್ತಿದ್ದ ಎರಡು ಕತ್ತರಿಗಳು ಒಟ್ಟಿಗೆ ನಿಂತವು.

ಮರುದಿನ ಬೆಳಿಗ್ಗೆ ಅಮ್ಮ ದೋಸೆ ತಿರುವುತ್ತಾ, ಕಾಲುನೋವಿಗೆ ಎಣ್ಣೆ ಹಚ್ಚಲಿಕ್ಕೆ ಅವ ಹೇಳಿದ್ದಾನಲ್ಲ, ಹಚ್ಚಿದೆಯಾ ಎಂದು ಅತ್ತಿಗೆಯನ್ನು ಕೇಳಿದಳು. ಪ್ರೀತಿಯಿಂದಲೇ ಕೇಳಿದ್ದು. ಅತ್ತಿಗೆಗೆ ಕಾಲುನೋವಿದೆ ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನ ಗಿರಿಜಕ್ಕ ಬಂದವಳು, ನೀಲಿ ಸೀರೆ ಉಡುವುದಿಲ್ಲವಾ ಮಾರಾಯ್ತಿ, ಗಂಡ ಅಷ್ಟು ದೂರದಿಂದ ಕೇಳ್ತಾ ಇದ್ದಾರೆ ಎಂದು ತಡ್ಪೆಯ ಮೇಲೆ ಬಗ್ಗಿ ನಕ್ಕಳು. ಅತ್ತಿಗೆಯ ಕಿವಿ ಕೆಂಪಾಯಿತು. ಸೆಕೆಯಿಂದ ಕಿವಿಯನ್ನು ಕಾಪಾಡುವ ಹೆಡ್‌ಫೋನಿನ ಪ್ರತಾಪ ಇದು.

ಪರಿಹಾರಗಳು ಶುರುವಾದವು. ಸ್ವರ ಸಣ್ಣಗೆ ಮಾಡಿದರೆ ಹೊರಗಿನ ಲೋಕವೆಲ್ಲ ಒಳಗೆ ಬರುತ್ತಿತ್ತು: ಕೋಳಿ, ಗ್ರೈಂಡರು, ಪಕ್ಕದ ಮನೆಯ ರೇಡಿಯೋದ ಕೃಷಿವಾರ್ತೆ. ಅಣ್ಣ ಏನು ಹೇಳಿದ, ಗೊಬ್ಬರ ಎಷ್ಟು ಹಾಕಬೇಕು ಎಂಬುದು ಬೆರೆತುಹೋಗುತ್ತಿತ್ತು. ಎರಡೂ ಅಂಗೈಗಳಿಂದ ಬೆನ್ನು ಮುಚ್ಚಿ ಕೂತಳು. ಅಪ್ಪ ಬಾಗಿಲಲ್ಲಿ ಇಣುಕಿ, ತಲೆನೋವಾ ಮಗಾ, ಮಾತ್ರೆ ಬೇಕಾ ಎಂದರು. ತಲೆಗೆ ಬೈರಾಸು ಸುತ್ತಿದಳು. ಮಿಂದು ಬಂದವಳ ಹಾಗೆ ಕಾಣುತ್ತಿತ್ತು, ಆದರೆ ಮೀಯುವ ಹೊತ್ತಲ್ಲ. ಕೊನೆಗೆ ನಾನೇ ಒಂದು ಯೋಜನೆ ಹಾಕಿದೆ. ನನ್ನ ಜೊತೆ ಮೂಡುಬಿದಿರೆಗೆ ಬಸ್ಸಿನಲ್ಲಿ ಬಾ; ಆ ಬಸ್ಸುಗಳ ಇಂಜಿನ್ನಿನ ಅಬ್ಬರಕ್ಕೆ ಯುದ್ಧ ನಡೆದರೂ ಪಕ್ಕದವರಿಗೆ ಕೇಳಲಿಕ್ಕಿಲ್ಲ. ತರ್ಕ ಸರಿಯಾಗಿಯೇ ಇತ್ತು. ಅವಳು ಕಿಟಕಿಯ ಸೀಟಿನಲ್ಲಿ ಕೂತು, ಸ್ವರವನ್ನು ತುದಿಮುಟ್ಟ ತಿರುಗಿಸಿ, ಕಣ್ಣು ಮುಚ್ಚಿ ಕೇಳುತ್ತಾ ಬಂದಳು. ಅವಳ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ನೋಡಿದ್ದು ಅದೇ ಮೊದಲು. ಆದರೆ ನನ್ನ ತರ್ಕದಲ್ಲಿ ಮೂಡುಬಿದಿರೆ ಬಸ್‌ಸ್ಟ್ಯಾಂಡು ಇರಲಿಲ್ಲ. ಡ್ರೈವರು ಇಂಜಿನ್ ಆಫ್ ಮಾಡಿದ. ಆ ದಿಢೀರ್ ಮೌನದಲ್ಲಿ ಬಸ್ಸಿನ ತುಂಬ ನನ್ನ ಅಣ್ಣನ ಸ್ವರ ಕೇಳಿತು: "ಊಟ ಆಯ್ತಾ?"

"ಆಯ್ತಾಯ್ತು," ಎಂದರು ಹಿಂದಿನ ಸೀಟಿನ ಅಜ್ಜ.

ಬಸ್ಸು ನಕ್ಕಿತು. ಅತ್ತಿಗೆ ಇಳಿದವಳು ನನ್ನ ಮುಖ ನೋಡದೆ ವಾಪಸು ಹೋಗುವ ಬಸ್ಸನ್ನು ಹತ್ತಿದಳು. ನಾನು ಕಾಲೇಜಿಗೆ ಹೋಗಿ ಮಹಿಳೆಯ ಸ್ವಾತಂತ್ರ್ಯದ ಪರವಾಗಿ ಮಾತಾಡಿ ಶೀಲ್ಡು ತಂದೆ. ಅದು ಈಗಲೂ ಶೋಕೇಸಿನಲ್ಲಿದೆ, ಗೆದ್ದಲು ಹಿಡಿದಿಲ್ಲ.

ಮನೆಯಲ್ಲೇ ಈ ವಿಷಯ ಇತ್ಯರ್ಥ ಮಾಡಬೇಕೆಂದು ಒಂದು ದಿನ ಅಮ್ಮನ ಎದುರು ನಿಂತೆ. ಕಿವಿಗೆ ಬಿದ್ದದ್ದು ತಪ್ಪಲ್ಲ, ಅದನ್ನು ತಿರುಗಿ ಅವಳಿಗೇ ಹೇಳುವುದು ತಪ್ಪು ಎಂದು ಕ್ರಮವಾಗಿ ವಾದಿಸಿದೆ. ಉದಾಹರಣೆ ಕೊಟ್ಟೆ. ಅಮ್ಮ ನೂಲು ಸುತ್ತುವುದನ್ನು ನಿಲ್ಲಿಸದೆ ಎಲ್ಲ ಕೇಳಿಸಿಕೊಂಡಳು.

"ನನಗೆ ಕೇಳಬಾರದು ಅಂತ ಅವನಿಗೆ ಇದ್ದಿದ್ದರೆ, ಅದರಲ್ಲಿ ಓಟೆ ಇಟ್ಟು ಯಾಕೆ ಕಳಿಸಿದ?"

ಅಣ್ಣನ ಬಾಯಿಂದಲೇ, ಸಭೆಯ ಎದುರು, ಎ ಸೈಡಿನಲ್ಲಿ ಬಂದ ಸಾಕ್ಷಿ. ಅದನ್ನು ಮುರಿಯಲು ನನ್ನಲ್ಲಿ ಏನಿತ್ತು? ತಂಗಿಯು ವಾದ ಮಾಡುವುದನ್ನು ಕಡಿಮೆ ಮಾಡತಕ್ಕದ್ದು ಎಂಬುದೂ ಅದೇ ಕ್ಯಾಸೆಟಿನಲ್ಲಿ ಇತ್ತು.

ಹೆಡ್‌ಫೋನನ್ನು ಎತ್ತಿಕೊಂಡು ಪೇಟೆಯ ಹಮೀದಾಕನ ಅಂಗಡಿಗೆ ಹೋದೆ. ಅವರು ಗಲ್ಫಿನಲ್ಲಿ ಬಹಳ ವರ್ಷ ಇದ್ದು ಬಂದು ವಾಚು, ಟಾರ್ಚು, ಕ್ಯಾಸೆಟ್ಟು ಇಟ್ಟುಕೊಂಡಿದ್ದವರು. ಇದನ್ನು ಇಟ್ಟುಕೊಂಡು ಮುಚ್ಚಿದ್ದು ಕೊಡಿ ಎಂದೆ. ಮುಚ್ಚಿದ್ದು ಇಲ್ಲ ಎಂದರು. ಇದ್ದರೂ ಕೊಡುವುದಿಲ್ಲ ಎಂದೂ ಹೇಳಿದರು. ಮುಚ್ಚಿದ್ದು ಹಾಕಿ ಕೂತ ಸೊಸೆಗೆ ಅತ್ತೆ ಕರೆದದ್ದು ಕೇಳದೆ ಎಷ್ಟು ಮನೆಯಲ್ಲಿ ಜಗಳ ಆಗಿದೆ, ನನ್ನ ಅಂಗಡಿಯ ಹೆಸರು ಅದಕ್ಕೆ ಬೇಡ ಎಂದರು. ಬೇಕಾದರೆ ಹೊರಗಿನಿಂದ ಟೇಪು ಅಂಟಿಸಿಕೊಡುತ್ತೇನೆ ಎಂದು, ಕರೆಂಟಿನವರು ತಂತಿಗೆ ಸುತ್ತುವ ಕಪ್ಪು ಟೇಪನ್ನು ಎರಡೂ ಬೆನ್ನಿಗೆ ಸುತ್ತಿ ಸುತ್ತಿ ಅಂಟಿಸಿದರು. ಹೊರಗೆ ಒಂದಕ್ಷರ ಕೇಳುತ್ತಿರಲಿಲ್ಲ. ಗೆದ್ದವಳ ಹಾಗೆ ಮನೆಗೆ ತಂದು ಕೊಟ್ಟೆ.

ಅತ್ತಿಗೆ ಸ್ವಲ್ಪ ಹೊತ್ತು ಹಾಕಿಕೊಂಡು ಕೂತಳು. ಆಮೇಲೆ ತೆಗೆದು, ಉಗುರಿನಿಂದ ಟೇಪನ್ನು ಒಂದೊಂದೇ ಸುತ್ತು ಬಿಚ್ಚತೊಡಗಿದಳು.

"ಕೊಡಪಾನದೊಳಗೆ ಕೂತು ಮಾತಾಡಿದ ಹಾಗೆ ಉಂಟು," ಎಂದಳು. "ಇದು ಅವರ ಸ್ವರ ಅಲ್ಲ."

ಯಾರೂ ಕೇಳದ ಹಾಗೆ ಮಾಡಿದರೆ ಅದು ಗಂಡನ ಸ್ವರವಲ್ಲ. ಗಂಡನ ಸ್ವರವೇ ಬೇಕೆಂದರೆ ಎಲ್ಲರೂ ಕೇಳಬೇಕು. ಯಾವ ಕಡೆ ನಿಂತರೂ ಸೋಲುವಂಥ ವಿಷಯ ಇದು. ಇಂಥದ್ದು ಚೀಟಿಯಲ್ಲಿ ಬಂದರೆ ನಾವು ತೀರ್ಪುಗಾರರ ಹತ್ತಿರ ಹೋಗಿ ಬದಲಾಯಿಸಿಕೊಳ್ಳುತ್ತಿದ್ದೆವು. ಅತ್ತಿಗೆಗೆ ಆ ಸೌಲಭ್ಯ ಇರಲಿಲ್ಲ.

ಆ ಸಲ ಅವಳು ತನ್ನ ಉತ್ತರವನ್ನು ರೆಕಾರ್ಡು ಮಾಡಿದ್ದು ಬಾವಿಕಟ್ಟೆಯ ಹತ್ತಿರ, ರಾಟೆ ಕಿರುಗುಡುತ್ತಿರುವಾಗ. ಹೆಚ್ಚು ಹೊತ್ತು ಮಾತಾಡಲಿಲ್ಲ.

ಮುಂದಿನ ಕ್ಯಾಸೆಟು ಬಂತು. ಎ ಸೈಡು ಎಂದಿನಂತೆ ಮುಗಿಯಿತು. ಅತ್ತಿಗೆ ಕೋಣೆಗೆ ಹೋಗಿ ಬಿ ಸೈಡು ಹಾಕಿದಳು. ಚಾವಡಿಯಲ್ಲಿ ಕತ್ತರಿಗಳು ನಿಂತವು. ಕಾದವು. ಸ್ಪಂಜಿನಿಂದ ಬಂದದ್ದು ಬರೀ ಸುಸ್ಸ್ ಎಂಬ ಸದ್ದು, ಆಗಾಗ ಏನೋ ಒಂದು ಟಕಟಕ. ಮಾತಿಲ್ಲ. ಗಿರಿಜಕ್ಕ ಕತ್ತು ಉದ್ದ ಮಾಡಿದಳು. ಏನೂ ಇಲ್ಲ. ಕ್ಯಾಸೆಟು ಹಾಳಾಗಿದೆ ಎಂದು ತೀರ್ಮಾನವಾಯಿತು. ಅದರ ಮುಂದಿನದ್ದೂ ಹಾಗೆಯೇ ಬಂದಾಗ ಅಮ್ಮನ ಕೈಯ ಬೀಡಿಗಳು ಸಡಿಲವಾಗತೊಡಗಿದವು. ಅವಳಿಗೆ ಹೆದರಿಕೆ ಹಿಡಿದಿತ್ತು. ಮಗನಿಗೆ ಎ ಸೈಡಿನಲ್ಲಿ ಬೇಕಾದಷ್ಟು ಮಾತುಂಟು, ಹೆಂಡತಿಗೆ ಹೇಳಲಿಕ್ಕೆ ಒಂದು ಮಾತಿಲ್ಲ. ಒಳಗೆ ಏನೋ ಮುರಿದಿದೆ. ನೀಲಿ ಸೀರೆಯ ತಮಾಷೆ ತಾನಾಗಿಯೇ ನಿಂತಿತು. ಒಂದು ದಿನ ಅಮ್ಮ ಒಲೆಯ ಹತ್ತಿರ, ಅತ್ತಿಗೆಯ ಕಡೆ ನೋಡದೆ ಕೇಳಿದಳು.

"ಅವ ನಿನ್ನ ಹತ್ರ ಮಾತಾಡುವುದಿಲ್ಲವಾ?"

"ಮಾತಾಡ್ತಾರೆ ಮಾಮಿ," ಎಂದಳು ಅತ್ತಿಗೆ. ನಮ್ಮಲ್ಲಿ ಅತ್ತೆಯನ್ನು ಕರೆಯುವುದು ಹಾಗೆ. "ಮೆಲ್ಲ ಮಾತಾಡ್ತಾರೆ."

ಅಮ್ಮ ನಂಬಲಿಲ್ಲ. ಬೂತಿಗೆ ಹೋಗಿ, ಕೆಂಪು ಅಂಕೆಗಳಿಗೆ ಹೆದರದೆ, ಮಗನಿಗೆ ಚೆನ್ನಾಗಿ ಬೈದಳಂತೆ. ಅವನು, ಬಿ ಸೈಡು ಸರಿ ಉಂಟು ಅಮ್ಮ ಎಂದು ಮಾತ್ರ ಹೇಳಿದನಂತೆ. ಇಬ್ಬರದೂ ಒಂದೇ ಉತ್ತರ ಎಂದಾಗ ನನ್ನೊಳಗಿನ ಸಂಶಯಗಾರ್ತಿ ಎದ್ದು ಕೂತಳು.

ಇನ್ನೊಂದು ವಿಚಿತ್ರವನ್ನೂ ಗಮನಿಸಿದ್ದೆ. ಅತ್ತಿಗೆ ಭಾನುವಾರ ಮಧ್ಯಾಹ್ನ ಎಲ್ಲರಿಗೂ ಬಡಿಸಿ, ತನ್ನ ಬಟ್ಟಲನ್ನು ಹಿಡಿದು ಕೋಣೆಗೆ ಬಂದು, ಹೆಡ್‌ಫೋನು ಹಾಕಿಕೊಂಡು ಊಟ ಮಾಡುತ್ತಿದ್ದಳು. ಅದೂ ಒಂದು ರೀತಿ ನಿಧಾನವಾಗಿ, ನಡುನಡುವೆ ಕೈ ತಡೆದು. ಹಾಳಾದ ಕ್ಯಾಸೆಟನ್ನು ಕೇಳುತ್ತಾ ಊಟ ಮಾಡುವುದೆಂದರೇನು? ಒಂದು ಭಾನುವಾರ ನಾನು ಅವಳ ಎದುರು ಕೂತು, ಏನು ಕೇಳ್ತಿದ್ದೀ ಎಂದು ಕೇಳಿದೆ. ಅವಳು ಎಡಗೈಯಿಂದ ಹೆಡ್‌ಫೋನು ತೆಗೆದು ನನ್ನ ತಲೆಗೆ ಸಿಕ್ಕಿಸಿದಳು.

ಮೊದಲು ಸುಸ್ಸ್. ಅದು ಕ್ಯಾಸೆಟಿನದ್ದಲ್ಲ, ಸ್ಟವ್ವಿನದ್ದು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನಲ್ಲಿ ಬಿಟ್ಟು ನಿಲ್ಲಿಸಿದರು. ಹಲಗೆಯ ಮೇಲೆ ಕತ್ತಿ, ಟಕಟಕ, ಬೆಂಡೆಯೋ ನೀರುಳ್ಳಿಯೋ. ದೂರದಲ್ಲಿ ಯಾರೋ ಮಲಯಾಳದಲ್ಲಿ ಏನೋ ಕೇಳಿದರು, ಬಾಗಿಲು ಹಾಕಿಕೊಂಡಿತು. ಅಣ್ಣ ಗಂಟಲು ಸರಿಮಾಡಿಕೊಂಡ. ಪ್ರೀತಿಯ ತಂದೆತಾಯಿಯವರಿಗೆ ಎಂಬ ಗಂಟಲಲ್ಲ ಅದು, ಒಬ್ಬನೇ ಇರುವಾಗಿನ ಗಂಟಲು. ಆಮೇಲೆ ಸಾಸಿವೆ ಸಿಡಿಯಿತು. ಅದೇ ಹೊತ್ತಿಗೆ ನಮ್ಮ ಚಾವಡಿಯಲ್ಲಿ ಅಮ್ಮನ ಕತ್ತರಿ, ಅಂಗಳದಲ್ಲಿ ಕೋಳಿ. ಸಿಡಿದದ್ದು ಅಲ್ಲಿಯ ಅಡುಗೆಮನೆಯಲ್ಲೋ ಇಲ್ಲಿಯದರಲ್ಲೋ ಎಂದು ನಾನು ತಿರುಗಿ ನೋಡಿದೆ. ತೂತಿದ್ದ ಆ ಹೆಡ್‌ಫೋನಿನಲ್ಲಿ ಎರಡೂ ಮನೆಗಳು ಒಂದೇ ಮಾಡಿನ ಕೆಳಗೆ ಇದ್ದವು.

ಮಾತಾಡಬೇಡಿ ಎಂದು ನಾನೇ ಅವರಿಗೆ ಹೇಳಿದ್ದು ಎಂದಳು ಅತ್ತಿಗೆ. ಮಾತಾಡಿದರೆ ಅದು ಇಡೀ ಮನೆಯದ್ದಾಗುತ್ತದೆ. ರಜೆಯ ದಿನ ಅಡುಗೆ ಮಾಡುವಾಗ ಟೇಪು ಒತ್ತಿ ಪಕ್ಕದಲ್ಲಿಡಿ, ಊಟ ಮುಗಿಯುವವರೆಗೆ ಇರಲಿ, ಅಷ್ಟು ಸಾಕು ಎಂದು ಬಾವಿಕಟ್ಟೆಯಲ್ಲಿ ನಿಂತು ಹೇಳಿ ಕಳಿಸಿದ್ದಳಂತೆ. ಬಟ್ಟಲಿನ ಅನ್ನ ಕಲಸುತ್ತಾ 'ಈಗ ಒಗ್ಗರಣೆ ಆಯ್ತಲ್ಲ,' ಎಂದಳು, 'ಇನ್ನು ಬಡಿಸಿಕೊಳ್ತಾರೆ. ಕೊಡು.'

ಕೊಟ್ಟೆ. ಅವಳು ಹಾಕಿಕೊಂಡು, ಸ್ವಲ್ಪ ಕಾದು, ಮೊದಲ ತುತ್ತು ಎತ್ತಿದಳು.

"ಸುಜಾತಾ," ಎಂದು ಚಾವಡಿಯಿಂದ ಅಮ್ಮ ಕರೆದಳು.

"ಓ ಮಾಮಿ," ಎಂದಳು ಅತ್ತಿಗೆ, ತಡವಿಲ್ಲದೆ, ತುತ್ತು ಕೈಯಲ್ಲೇ ಹಿಡಿದು. ಅಮ್ಮನಿಗೆ ದೂರಲು ಏನೂ ಉಳಿದಿರಲಿಲ್ಲ. ನನಗೂ. ಮಾತಿದ್ದರೆ ಖಂಡಿಸಬಹುದು, ಬೆಂಡೆ ಹೆಚ್ಚುವ ಸದ್ದನ್ನು ಯಾವ ಪಾಯಿಂಟು ಹಿಡಿದು ಖಂಡಿಸುವುದು?

ಈಗ ಅಣ್ಣ ಶಾರ್ಜಾ ಬಿಟ್ಟು ಬಂದು ವೇಣೂರಿನಲ್ಲೇ ಇದ್ದಾನೆ. ಕ್ಯಾಸೆಟುಗಳ ಕಾಲ ಮುಗಿಯಿತು, ಎಲ್ಲರ ಕಿಸೆಯಲ್ಲೂ ಮೊಬೈಲು. ಅಷ್ಟು ವರ್ಷ ಬಿ ಸೈಡಿನಲ್ಲಿ ಆಡದೆ ಉಳಿಸಿದ್ದನ್ನೆಲ್ಲ ಅವನು ಈಗ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಆಡುತ್ತಿದ್ದಾನೆ. ಗೋದಾಮಿನ ಕಥೆಗಳು. ಅದೇ ಕಥೆಗಳು. ಸುಧೀರನ ಹೆಡ್‌ಫೋನಿನ ವಾರವೇ ನಾನು ಊರಿಗೆ ಹೋಗಿದ್ದೆ. ಅತ್ತಿಗೆ ಒಲೆಯ ಎದುರು ನಿಂತಿದ್ದಳು, ಕಿವಿಯಲ್ಲಿ ಅದೇ ಹಳೆಯ ಹೆಡ್‌ಫೋನು. ಸ್ಪಂಜು ಎಂದೋ ಪುಡಿಯಾಗಿ ಉದುರಿ, ಬರೀ ತೂತಿನ ತಗಡು ಉಳಿದಿತ್ತು. ತಂತಿ ಸೊಂಟದವರೆಗೆ ಇಳಿದು, ಸೆರಗಿನ ಕೆಳಗೆ ಹೋಗಿ, ಯಾವುದಕ್ಕೂ ಸಿಕ್ಕಿಸದೆ ನೇತಾಡುತ್ತಿತ್ತು. ಅಣ್ಣ ಮಾತು ಶುರು ಮಾಡಿದ ಕೂಡಲೇ ಗೋಡೆಯ ಮೊಳೆಯಿಂದ ತೆಗೆದು ಹಾಕಿಕೊಳ್ಳುತ್ತಾಳಂತೆ.

ಅವಮಾನ ಆಗುವುದಿಲ್ಲವಾ ಎಂದು ಅಣ್ಣನನ್ನು ಕೇಳಿದೆ. ಅವನು ನನ್ನನ್ನು ಕನಿಕರದಿಂದ ನೋಡಿದ.

"ಅದು ಓಪನ್ ಮಾರಾಯ್ತಿ. ಹಾಕಿದರೂ ಅವಳಿಗೆ ಎಲ್ಲ ಕೇಳ್ತದೆ. ಆರಿಸಿದ್ದು ಯಾರು?"

ಮತ್ತೆ ಗೋದಾಮಿಗೆ ಹೊರಟ. ಅತ್ತಿಗೆ ಬಾಣಲೆಗೆ ಎಣ್ಣೆ ಬಿಟ್ಟಳು, ಕಾಯಲು ಬಿಟ್ಟಳು, ಸಾಸಿವೆ ಹಾಕಿದಳು. ಸಾಸಿವೆ ಸಿಡಿಯತೊಡಗಿದಾಗ ಅಣ್ಣ ವಾಕ್ಯದ ನಡುವೆಯೇ ನಿಂತ. ಗಂಟಲು ಸರಿಮಾಡಿಕೊಂಡು ಸುಮ್ಮನೆ ಕೂತ. ಅತ್ತಿಗೆ ಹೆಡ್‌ಫೋನು ತೆಗೆದು ಮೊಳೆಗೆ ಹಾಕಿ, ಎರಡು ಬಟ್ಟಲುಗಳನ್ನು ಕೆಳಗಿಳಿಸಿದಳು.